ನಿಧಾನವಾಗಿ ಮಾತಾಡಿದ ಮೇಯರ್

ಇದು ನಿಜವಾಗಿ ನಡೆದ ಕತೆ. ನಡೆದದ್ದು ಎನ್ನುವುದಕ್ಕಿಂತ ಕೂತದ್ದು ಎನ್ನುವುದೇ ಸರಿ. ಇದರಲ್ಲಿ ಬರುವವರೆಲ್ಲ ಸರ್ಕಾರಿ ಕುರ್ಚಿಯಲ್ಲಿ ಕೂತವರು. ಓಡಿದವರಾಗಲಿ ಅಟ್ಟಿಸಿಕೊಂಡು ಹೋದವರಾಗಲಿ ಇಲ್ಲ. ಅಪರಾಧಿ ಕೂಡ ಕೂತಲ್ಲೇ ಸಿಕ್ಕ.

ದೂರು ಠಾಣೆಗೆ ಬಂದದ್ದು ಸೋಮವಾರ, ಒಂಬತ್ತನೇ ತಾರೀಕು, ಬೆಳಿಗ್ಗೆ 10.40ಕ್ಕೆ. ತಂದವರು ಪಾಲಿಕೆಯ ಕಾರ್ಯದರ್ಶಿ. ಸಹಿ ಮೇಯರ್ ಅವರದು, ಮೂರು ಪ್ರತಿ, ಮೂರಕ್ಕೂ ಮೊಹರು. ಏಳನೇ ತಾರೀಕು ಶನಿವಾರ ಬೆಳಿಗ್ಗೆ 10.20ಕ್ಕೆ ಯಾರೋ ಅಪರಿಚಿತರು ಮೇಯರ್ ಅವರ ಧ್ವನಿಯಲ್ಲಿ ಪಾಲಿಕೆಯ ಒಳ ಟೆಲಿಫೋನಿನಲ್ಲಿ ಮಾತಾಡಿ, ಉಗ್ರಾಣದ ಗುಮಾಸ್ತನಿಗೆ ಸುಳ್ಳು ಆದೇಶ ಕೊಟ್ಟು, ನೆಲಮಾಳಿಗೆಯಲ್ಲಿದ್ದ ನಾನೂರ ಹನ್ನೆರಡು ಹಳೆಯ ನೋಟ್ ಪುಸ್ತಕಗಳನ್ನು ಸಾಗಿಸಿಕೊಂಡು ಹೋಗಿದ್ದಾರೆ ಎಂಬುದು ದೂರಿನ ಸಾರ. ಪುಸ್ತಕಗಳು ಅದೇ ದಿನ ಕಾಗದದ ಮಿಲ್ಲಿಗೆ ಹೋಗಬೇಕಾಗಿದ್ದವು.

"ಅಂದ್ರೆ ರದ್ದಿ" ಎಂದರು ಇನ್ಸ್‌ಪೆಕ್ಟರ್.

"ರದ್ದಿ ಅಲ್ಲ ಸಾರ್. ಇಪ್ಪತ್ತಾರು ವರ್ಷದ ಸಭೆಗಳ ಮೂಲ ದಾಖಲೆ."

"ಹಾಗಾದ್ರೆ ಮಿಲ್ಲಿಗೆ ಯಾಕೆ ಕಳಿಸ್ತಿದ್ರಿ?"

"ರದ್ದಿ ಅಂತ ಠರಾವಾಗಿದೆ."

"ಠರಾವಾಗಿದೆ" ಎಂದು ಹೆಡ್ ಕಾನ್‌ಸ್ಟೆಬಲ್ ಬರೆದುಕೊಂಡ. ಯಾರು ಏನೇ ಹೇಳಲಿ, ಕೊನೆಯ ಪದವನ್ನು ಇನ್ನೊಮ್ಮೆ ಹೇಳದೆ ಅವನ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಠಾಣೆಯಲ್ಲಿ ಅವನ ಹೆಸರು ಕಾರ್ಬನ್.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಇದು ಅವರ ಏಳನೇ ಠಾಣೆ. ಆಶ್ಚರ್ಯಪಡುವ ಅಭ್ಯಾಸ ನಾಲ್ಕನೇ ಠಾಣೆಯಲ್ಲೇ ಎಲ್ಲೋ ಬಿಟ್ಟುಹೋಗಿತ್ತು. ಚಾರ್ಜ್ ವಹಿಸಿಕೊಡುವಾಗ ಆ ಪಟ್ಟಿಯಲ್ಲಿ ಅದನ್ನು ಸೇರಿಸಿರಲಿಲ್ಲ, ಹಿಂದಿರುಗಿ ಕೇಳುವ ಹಾಗೂ ಇರಲಿಲ್ಲ.

ಹೊರಡುವ ಮುನ್ನ ಕಾರ್ಯದರ್ಶಿ ಎರಡು ಮಾತು ಸೇರಿಸಿದರು. ಗುಮಾಸ್ತನನ್ನು ಅಮಾನತಿನಲ್ಲಿಟ್ಟಿದೆ, ಕರೆ ಮಾಡಿದವನು ಸಿಗದಿದ್ದರೆ ವಜಾ ಮಾಡುವುದೇ. ಮತ್ತೆ, ಮಿಲ್ಲಿನ ಲಾರಿ ಗುರುವಾರ ಇನ್ನೊಮ್ಮೆ ಬರುತ್ತದೆ. ಅಷ್ಟರಲ್ಲಿ ಪುಸ್ತಕಗಳು ಸಿಕ್ಕರೆ ನೇರವಾಗಿ ಲಾರಿಗೇ ಹಾಕಿಬಿಡಬಹುದು.

ಮಧ್ಯಾಹ್ನ 12.10ಕ್ಕೆ ಇನ್ಸ್‌ಪೆಕ್ಟರ್, ಕಾರ್ಬನ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಸ್ಥಳ ಪರಿಶೀಲನೆಗೆ ಹೋದರು. ಪಾಲಿಕೆಯ ಕಟ್ಟಡ ಹಿಂದಿನ ದೊರೆಗಳು ಕಟ್ಟಿಸಿದ್ದು. ಅವರು ಹಡಗು ಹತ್ತಿ ಹೋದ ಮೇಲೆ ಅಂಗಳದ ಪ್ರತಿಮೆಯನ್ನು ಇಳಿಸಿದ್ದರು, ಪೀಠವನ್ನು ಇಳಿಸಲು ಆಗಿರಲಿಲ್ಲ. ಅದರ ಮೇಲೆ ಈಗ ಗೇಟಿನ ಕಾವಲುಗಾರ ಊಟದ ಡಬ್ಬಿ ಇಡುತ್ತಿದ್ದ. ಸಭಾಂಗಣದ ಗೋಡೆಯಲ್ಲಿ ಚಿತ್ರಪಟಗಳಿದ್ದ ಕಡೆ ಬಿಳಿಯ ಚೌಕಗಳು ಉಳಿದಿದ್ದವು. ಎಷ್ಟು ಸಲ ಸುಣ್ಣ ಬಳಿದರೂ ಆ ಚೌಕಗಳಷ್ಟೇ ಹೆಚ್ಚು ಬಿಳಿ.

ಉಳಿದದ್ದು ಇನ್ನೊಂದು, ಒಳ ಟೆಲಿಫೋನು. ಕಪ್ಪು, ಭಾರ, ಅಂಕಿಗಳಿಲ್ಲದ್ದು. ಪಕ್ಕದ ಗುಂಡಿ ಒತ್ತಿದರೆ ಬೇಕಾದ ಕೋಣೆಯಲ್ಲಿ ಗಂಟೆ ಬಡಿಯುತ್ತದೆ. ಒಟ್ಟು ಐದು: ಮೇಯರ್ ಕೋಣೆ, ಕಾರ್ಯದರ್ಶಿ ಕೋಣೆ, ಉಗ್ರಾಣ, ಗೇಟು, ಸಭಾಂಗಣದ ಹಿಂದೆ ಸಭೆಯ ಮಾತು ಬರೆದುಕೊಳ್ಳುವ ವರದಿಗಾರರ ಕೋಣೆ. ಈ ತಂತಿಯಲ್ಲಿ ಮೇಯರ್ ಕೊಟ್ಟ ಆದೇಶಕ್ಕೆ ಬೇರೆ ಕಾಗದ ಬೇಡ, ಕೇಳಿದವನು ಮೌಖಿಕ ಆದೇಶ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು ಎಂಬುದು ದೊರೆಗಳ ಕಾಲದ ನಿಯಮ. ಸಿಬ್ಬಂದಿ ಅದನ್ನು ಬಾಯಿಬುಕ್ಕು ಎನ್ನುತ್ತಿದ್ದರು. ಮೇಯರ್ ಅಪ್ಪಣೆಯ ಗಾಡಿಗೆ ಗೇಟಿನಲ್ಲಿ ನಂಬರು ಬರೆದುಕೊಳ್ಳಕೂಡದು ಎಂಬುದೂ ಅದೇ ಕಾಲದ್ದು. ಕಾವಲುಗಾರನ ರಿಜಿಸ್ಟರಿನಲ್ಲಿ ಶನಿವಾರ 11.00ರ ಎದುರು ಬರೆದದ್ದು ಇಷ್ಟೇ: ಗಾಡಿ, ಅಪ್ಪಣೆ ಮೇರೆಗೆ.

"ಯಾವ ಬಣ್ಣದ ಗಾಡಿ?"

"ಸಾರ್, ಅಪ್ಪಣೆ ಗಾಡೀನ ತಲೆ ಎತ್ತಿ ನೋಡೋ ಅಭ್ಯಾಸ ಇಲ್ಲ."

ಇನ್ಸ್‌ಪೆಕ್ಟರ್ ಬಾಯಿಬುಕ್ಕು ತರಿಸಿದರು. ಶನಿವಾರದ ಪುಟದಲ್ಲಿ ಹೀಗಿತ್ತು: "ನೆಲಮಾಳಿಗೆಯ ನೋಟ್ ಪುಸ್ತಕಗಳನ್ನು ಮಿಲ್ಲಿನ ಲಾರಿಗೆ ಕೊಡಕೂಡದು. ಹನ್ನೊಂದು ಗಂಟೆಗೆ ಬರುವ ಗಾಡಿಗೆ, ಎಣಿಸಿ, ಕ್ರಮ ತಪ್ಪಿಸದೆ, ಒದ್ದೆಯಾಗದಂತೆ ಹಾಕತಕ್ಕದ್ದು."

ಆ ಹೊತ್ತಿಗೆ ಮೇಯರ್ ಊರಿನ ಇನ್ನೊಂದು ತುದಿಯಲ್ಲಿ ನೀರಿನ ಟ್ಯಾಂಕಿನ ಉದ್ಘಾಟನೆಯಲ್ಲಿದ್ದರು. ನೋಡಿದವರು ಇನ್ನೂರು ಜನ. ಅವರ ಕೋಣೆಗೆ ಬೀಗ ಹಾಕಿತ್ತು. ಉಳಿದ ಕೋಣೆಗಳೆಲ್ಲ ತೆರೆದಿದ್ದವು. ಶನಿವಾರ ಅರ್ಧ ದಿನ. ಹಾಜರಿ ಪುಸ್ತಕದ ಪ್ರಕಾರ ಗುಮಾಸ್ತನನ್ನು ಬಿಟ್ಟು ಹನ್ನೊಂದು ಜನ ಕಟ್ಟಡದಲ್ಲಿದ್ದರು.

ಮೇಯರ್ ತಮ್ಮ ಕೋಣೆಯಲ್ಲಿ ಚಹಾ ತರಿಸಿದರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಧ್ವನಿ. ಮಾತು ಶುರುವಾದರೆ ಕಮಾ ಇಲ್ಲ, ಫುಲ್‌ಸ್ಟಾಪ್ ಇಲ್ಲ, ಬ್ರೇಕ್ ಇಲ್ಲದ ಲಾರಿ ಇಳಿಜಾರಿಗೆ ಬಿದ್ದ ಹಾಗೆ. ಅವರು ಹೇಳಿದ್ದರಲ್ಲಿ ತನಿಖೆಗೆ ಬೇಕಾದದ್ದು ಸ್ವಲ್ಪ. ಸಭೆಯ ಮಾತನ್ನು ಇಲ್ಲಿಯವರೆಗೆ ವರದಿಗಾರರು ಈ ಪುಸ್ತಕಗಳಲ್ಲಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಆಮೇಲೆ ಟೈಪು ಮಾಡುತ್ತಿದ್ದರು. ಈಗ ಧ್ವನಿಮುದ್ರಣದ ಯಂತ್ರ ಬಂದಿದೆ, ಅದಕ್ಕೆ ತಂಪು ಬೇಕು, ತಂಪಿರುವುದು ನೆಲಮಾಳಿಗೆಯಲ್ಲಿ. ಟೈಪಾದ ಪ್ರತಿ ಹೇಗೂ ಇದೆ. ಪುಸ್ತಕ ಹೋದದ್ದಕ್ಕೆ ತಮಗೆ ಬೇಸರವಿಲ್ಲ, ತಮ್ಮ ಧ್ವನಿ ಹೋದದ್ದಕ್ಕೆ ಇದೆ. ಇವತ್ತು ರದ್ದಿ, ನಾಳೆ ಇನ್ನೊಂದು. ಕೇಸು ಕೊನೆಯವರೆಗೆ ಹೋಗಬೇಕು.

"ನಿಮ್ಮ ಧ್ವನಿ ಅನುಕರಣೆ ಮಾಡೋರು ಯಾರಾದ್ರೂ ಇದ್ದಾರಾ?"

"ನನ್ನ ಧ್ವನೀನಾ? ಸಾಧ್ಯಾನೇ ಇಲ್ಲ."

ಹೊರಗೆ ಬಂದು ಅದೇ ಪ್ರಶ್ನೆಯನ್ನು ಜವಾನನಿಗೆ ಕೇಳಿದಾಗ ಅವನು ಅಕ್ಕಪಕ್ಕ ನೋಡಿ, ಗಲ್ಲವನ್ನು ಕೊರಳಿಗೆ ಒತ್ತಿ, ಸಾಕ್ಷಾತ್ ಮೇಯರ್ ಆಗಿ ಚಹಾ ಕೇಳಿದ. ಟೈಪಿಸ್ಟ್ ಹೆಂಗಸಿಗೂ ಬರುತ್ತಿತ್ತು. ಕಾರ್ಯದರ್ಶಿ ತಮಗೆ ಬರುವುದಿಲ್ಲ ಎಂದರು, ಆದರೆ ಅದನ್ನು ಹೇಳಿದ ರೀತಿಯಲ್ಲೇ ಮೇಯರ್ ಸ್ವಲ್ಪ ಇಣುಕಿದರು.

ಮಂಗಳವಾರ, ಹತ್ತನೇ ತಾರೀಕು, ಬೆಳಿಗ್ಗೆ 11.00ಕ್ಕೆ ಧ್ವನಿ ಗುರುತು ಪರೇಡು ನಡೆಯಿತು. ಅಮಾನತಾದ ಗುಮಾಸ್ತನನ್ನು ಕರೆಸಿ ಉಗ್ರಾಣದಲ್ಲಿ ರಿಸೀವರ್ ಕೊಟ್ಟು ಕೂರಿಸಿದರು. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ. ಎರಡು ದಿನದಲ್ಲಿ ಕಾಲರು ಒಂದು ಅಳತೆ ದೊಡ್ಡದಾದ ಹಾಗಿತ್ತು. ಹನ್ನೊಂದು ಜನ ಒಬ್ಬೊಬ್ಬರಾಗಿ ಕಾರ್ಯದರ್ಶಿ ಕೋಣೆಯಿಂದ ಅದೇ ಆದೇಶವನ್ನು ಮೇಯರ್ ಧ್ವನಿಯಲ್ಲಿ ಹೇಳಬೇಕು. ಇವನು ಹೌದು ಅಥವಾ ಅಲ್ಲ ಎನ್ನಬೇಕು. ಕಾರ್ಬನ್ ಬರೆದುಕೊಳ್ಳಬೇಕು.

ಆರು ಜನಕ್ಕೆ ಅವನು ಹೌದು ಎಂದ. ಒಂಬತ್ತನೆಯವರು ವರದಿಗಾರರು, ಕಚೇರಿಯಲ್ಲಿ ಎಲ್ಲರೂ ಕರೆಯುವುದು ಕಿವಿ ಸಾರ್. ಅವರು ಆದೇಶವನ್ನು ಪಾಠ ಒಪ್ಪಿಸಿದಂತೆ ತಮ್ಮದೇ ಸಪ್ಪೆ ದನಿಯಲ್ಲಿ ಓದಿದರು. ಗುಮಾಸ್ತ ಅಲ್ಲ ಎಂದ. ಹನ್ನೆರಡನೆಯದಾಗಿ ಯಾರಿಗೂ ಹೇಳದೆ ಮೇಯರ್ ಅವರೇ ಬಂದು ರಿಸೀವರ್ ಕಿತ್ತುಕೊಂಡು ಗುಡುಗಿದರು.

"ಅಲ್ಲ" ಎಂದ ಗುಮಾಸ್ತ. "ಇವರು ಇನ್ನೂ ಕಲೀತಿದ್ದಾರೆ."

ಕಾರ್ಬನ್, "ಕಲೀತಿದ್ದಾರೆ" ಎಂದು ಬರೆದುಕೊಂಡ.

ಮೇಯರ್ ಕೋಪದಿಂದ ಹೊರಟುಹೋದ ಮೇಲೆ ಇನ್ಸ್‌ಪೆಕ್ಟರ್ ಉಗ್ರಾಣಕ್ಕೆ ಇಳಿದು ಗುಮಾಸ್ತನ ಎದುರು ಕೂತರು.

"ಅಸಲಿ ಮೇಯರನ್ನೇ ಅಲ್ಲ ಅಂದ್ರಲ್ಲ. ಯಾಕೆ?"

ಗುಮಾಸ್ತ ರಿಸೀವರನ್ನು ಅದರ ಜಾಗದಲ್ಲಿಟ್ಟ. "ಧ್ವನಿ ಅದೇ ಸಾರ್. ಆದ್ರೆ ಆವತ್ತಿನ ಸಾಹೇಬ್ರು ಬರ್ಕೊಳ್ಳೋಕೆ ಬಿಟ್ರು. ಒಂದು ಮಾತು ಹೇಳೋದು, ನಿಲ್ಲೋದು. ನಾನು ಬರ್ದು ಮುಗಿಸ್ತಿದ್ದಂಗೆ ಮುಂದಿಂದು. ಇಪ್ಪತ್ತು ವರ್ಷದಲ್ಲಿ ಯಾವ ಮೇಯರೂ ನಂಗೆ ಹಂಗೆ ಕಾದಿಲ್ಲ. ಸಾಹೇಬ್ರಿಗೆ ಮೈ ಸರಿ ಇಲ್ವೇನೋ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಬಾಯಿಬುಕ್ಕನ್ನು ಮತ್ತೆ ತೆರೆದರು. ಹಿಂದಿನ ಪುಟಗಳೆಲ್ಲ ಚಿತ್ತು, ಬಾಣ, ಅರ್ಧಕ್ಕೇ ಬಿಟ್ಟ ಪದ. ಶನಿವಾರದ ಪುಟದಲ್ಲಿ ಒಂದು ಚಿತ್ತೂ ಇಲ್ಲ, ಕಮಾಗಳೂ ತಪ್ಪಿರಲಿಲ್ಲ.

ಮಹಿಳಾ ಕಾನ್‌ಸ್ಟೆಬಲ್ ಹೆಗಲ ಮೇಲಿಂದ ನೋಡುತ್ತಿದ್ದಳು. "ಸಾರ್, ನಾನು ಕೆಲಸಕ್ಕೆ ಸೇರೋ ಮುಂಚೆ ಟೈಪಿಂಗ್ ಸ್ಕೂಲಲ್ಲಿ ಶಾರ್ಟ್‌ಹ್ಯಾಂಡ್ ಕಲೀತಿದ್ದೆ. ಎರಡು ಸಲ ಫೇಲು. ಮಾತಾಡೋರು ಯಾರೂ ನಮಗೋಸ್ಕರ ಕಾಯಲ್ಲ. ಕಾಯೋರು ಅಂದ್ರೆ, ತಾವೂ ಬರ್ದು ಬರ್ದು ಕೈ ನೋಯಿಸ್ಕೊಂಡೋರು."

ಮಧ್ಯಾಹ್ನ 2.30ರಿಂದ ಹನ್ನೊಂದು ಜನರ ಹೇಳಿಕೆ ದಾಖಲಿಸಿಕೊಂಡರು. ಪ್ರಶ್ನೆಗಳು ಎಲ್ಲರಿಗೂ ಒಂದೇ; ಉತ್ತರಗಳೂ ಹೆಚ್ಚು ಕಡಿಮೆ ಒಂದೇ. ಇನ್ಸ್‌ಪೆಕ್ಟರ್ ಉತ್ತರ ಕೇಳುತ್ತಿರಲಿಲ್ಲ, ಕಾರ್ಬನ್‌ನ ಪೆನ್ನನ್ನು ನೋಡುತ್ತಿದ್ದರು. ಜವಾನ ಮೂರು ವಾಕ್ಯ ಮುಂದೆ ಓಡಿದ. ಟೈಪಿಸ್ಟ್ ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ಹೋದಳು. ಕಾರ್ಯದರ್ಶಿ ಹೇಳಿದ್ದನ್ನೆಲ್ಲ ಹೊಡೆದುಹಾಕಿಸಿ ಬೇರೆ ಹೇಳಿದರು. ಕಾರ್ಬನ್ ಬೆರಳು ನೆಟಿಗೆ ಮುರಿದುಕೊಂಡ.

ಕಿವಿ ಸಾರ್ 4.15ಕ್ಕೆ ಬಂದು ಕೂತರು. ತೆಳ್ಳಗಿನ ಮನುಷ್ಯ, ಇನ್ನು ಎಂಟು ತಿಂಗಳಿಗೆ ನಿವೃತ್ತಿ. ಅವರೊಂದಿಗೆ ಆ ಹುದ್ದೆಯೂ ನಿವೃತ್ತಿ. ಶನಿವಾರ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಅವರು ಉತ್ತರ ಕೊಟ್ಟದ್ದು ಇನ್ಸ್‌ಪೆಕ್ಟರ್ ಮುಖ ನೋಡಿ ಅಲ್ಲ, ನಿಬ್ಬಿನ ತುದಿ ನೋಡಿ.

"ನಾನು ಹತ್ತು ಗಂಟೆಗೆ ಬಂದೆ." ನಿಬ್ಬು ಓಡಿತು, ನಿಂತಿತು. "ನನ್ನ ಕೋಣೆಯಲ್ಲಿ," ನಿಬ್ಬು ನಿಂತಿತು, "ಹಿಂದಿನ ಸಭೆಯದು ಟೈಪು ಮಾಡ್ತಿದ್ದೆ."

ಒಂದು ಪುಟ ಹೀಗೇ ಹೋಯಿತು. ಅವರು ಸಹಿ ಹಾಕಿ ಹೋದ ಮೇಲೆ ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದ. "ಒಂದೂ ಚಿತ್ತಿಲ್ಲ ಸಾರ್. ಇಂಥೋರು ದಿನಾ ಒಬ್ರು ಬಂದ್ರೆ ಸಾಕು."

"ದಿನಾ ಬರ್ತಾರೆ ಇನ್ನು" ಎಂದರು ಇನ್ಸ್‌ಪೆಕ್ಟರ್.

ಸಂಜೆ 5.00ಕ್ಕೆ ಅವರು ವರದಿಗಾರರ ಕೋಣೆಯನ್ನು ನೋಡಿದರು. ಕಿಟಕಿಯ ಹತ್ತಿರ ಎರಡು ಮೇಜು, ಎರಡು ಕುರ್ಚಿ. ಒಂದು ಮೇಜಿನ ಮೇಲೆ ಧೂಳಿರಲಿಲ್ಲ, ಬೇರೇನೂ ಇರಲಿಲ್ಲ. ನಡುವೆ ಗೋಡೆಯ ಗೂಡಿನಲ್ಲಿ ಹತ್ತು ನಿಮಿಷದ ಮರಳು ಗಡಿಯಾರ, ಅದರ ಕೆಳಗೆ ಅಂಕಿಗಳಿಲ್ಲದ ಕಪ್ಪು ಟೆಲಿಫೋನು. ಆ ಖಾಲಿ ಮೇಜು ಯಾರದ್ದು ಎಂದು ಜವಾನನನ್ನು ಕೇಳಿದರು. ಕಿವಿ ಮೇಡಂದು, ಕಿವಿ ಸಾರ್ ಹೆಂಡತಿ, ತೀರಿಕೊಂಡು ಹದಿನಾಲ್ಕು ತಿಂಗಳಾಯಿತು ಎಂದ. ಸಭೆಯಲ್ಲಿ ಒಬ್ಬರು ಹತ್ತು ನಿಮಿಷಕ್ಕಿಂತ ಹೆಚ್ಚು ಬರೆದರೆ ಕೈ ಸೋಲುತ್ತದೆ. ಹಾಗಾಗಿ ಹತ್ತು ನಿಮಿಷ ಇವರು, ಹತ್ತು ನಿಮಿಷ ಅವರು. ಇವರು ಒಳಗೆ ಹೋಗುವಾಗ ಅವರು ಹೊರಗೆ. ಇಪ್ಪತ್ತಾರು ವರ್ಷ ಅವರಿಬ್ಬರೂ ಕೆಲಸದ ಹೊತ್ತಿನಲ್ಲಿ ಭೇಟಿಯಾದದ್ದು ಆ ಬಾಗಿಲಲ್ಲಿ ಮಾತ್ರ.

ಬುಧವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ 7.30ಕ್ಕೆ ಶೋಧನಾ ವಾರಂಟಿನೊಂದಿಗೆ ಮೂವರೂ ಕಿವಿ ಸಾರ್ ಮನೆಗೆ ಹೋದರು. ಮೂರನೇ ಮಹಡಿ. ಬಾಗಿಲು ತೆಗೆದವಳು ಮಗಳು, ಶಾಲೆಯಲ್ಲಿ ಕೆಲಸ, ಕೈಯಲ್ಲಿ ಬಾಚಣಿಗೆ. ಒಳಗಿನಿಂದ ಯಾರೋ ರಾಜಕಾರಣಿ ತೆರಿಗೆಯ ವಿರುದ್ಧ ಗುಡುಗುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಅಪ್ಪ ಇದ್ದಾರೇನಮ್ಮ?"

"ಇದ್ದಾರೆ. ಸದ್ಯಕ್ಕೆ ವಿರೋಧ ಪಕ್ಷದಲ್ಲಿದ್ದಾರೆ. ಕೂತ್ಕೊಳ್ಳಿ, ಮುಗೀತಾ ಬಂತು."

ಅವರು ಕೂರಲಿಲ್ಲ. ಕೋಣೆಯಲ್ಲಿ ಜೋಡಿ ಮಂಚವಿತ್ತು. ಅರ್ಧ ಮಂಚದಲ್ಲಿ ಹಾಸಿಗೆ, ಉಳಿದರ್ಧದಲ್ಲಿ ಸೊಂಟದೆತ್ತರಕ್ಕೆ ನೋಟ್ ಪುಸ್ತಕಗಳು. ಗೋಡೆಯುದ್ದಕ್ಕೂ ಅವೇ, ಒಂದಿಷ್ಟೂ ಕ್ರಮ ತಪ್ಪಿರಲಿಲ್ಲ. ಕಿವಿ ಸಾರ್ ಕನ್ನಡಕ ತೆಗೆದು, ತಮ್ಮ ಧ್ವನಿಗೆ ವಾಪಸಾಗಿ, ಬನ್ನಿ ಎಂದರು.

"ಎಷ್ಟಿವೆ?"

"ನಾನೂರ ಹನ್ನೆರಡು. ಎಣಿಸಿ ಅಂತ ನಾನೇ ಹೇಳಿದ್ನಲ್ಲ."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ಆಫೀಸಿನೋರೇ ಕೊಟ್ರು ಅಂದಿದ್ರಿ."

"ಕೊಟ್ರಮ್ಮ. ನಾನು ಸ್ವಲ್ಪ ಸಹಾಯ ಮಾಡ್ದೆ."

ಗಾಡಿ ಬಾಡಿಗೆಗೆ ತಂದದ್ದು, ಆದರೆ ಮೊದಲು ಪುಸ್ತಕ ಕೊಡಿ ಎಂದು ಅರ್ಜಿ ಹಾಕಿದ್ದೆ ಎಂದರು. ಒಂದಲ್ಲ, ಮೂರು. ಮೂರಕ್ಕೂ ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂದಿತ್ತು; ಆ ಮೂರು ಉತ್ತರಗಳನ್ನೂ ಟೈಪು ಮಾಡಲು ಕಾರ್ಯದರ್ಶಿ ಇವರ ಕೈಗೇ ಕೊಟ್ಟಿದ್ದರು.

"ಹೆಂಡ್ತೀದು ಮಾತ್ರ ತರಬಹುದಿತ್ತು."

ಕಿವಿ ಸಾರ್ ಒಂದು ಪುಸ್ತಕ ತೆರೆದು ಹಿಡಿದರು. ಗೆರೆ, ಕೊಕ್ಕೆ, ಚುಕ್ಕಿ. "ಅವಳ ಸರದಿ ಯಾವಾಗ್ಲೂ ಅರ್ಧ ಮಾತಿಂದ ಶುರು. ಮೊದಲರ್ಧ ನನ್ನ ಪುಸ್ತಕದಲ್ಲಿರುತ್ತೆ. ನಂದು ಇಲ್ದೆ ಅವಳದು ಅರ್ಥ ಆಗಲ್ಲ."

"ಟೈಪಾದ ಪ್ರತಿ ಇದೆಯಲ್ಲ?"

"ಅದ್ರಲ್ಲಿ ಬೇಡದ್ದೆಲ್ಲ ತೆಗೆದಿದ್ದಾರೆ. ಅಡ್ಡಮಾತು, ಬೈಗುಳ, ನಗು." ಅವರು ಹಾಳೆಯ ಮೂಲೆಯಲ್ಲಿದ್ದ ಒಂದು ಗುರುತನ್ನು ಬೆರಳಿಂದ ತೋರಿಸಿದರು, ಸಣ್ಣ ಬಿಲ್ಲಿನಂಥ ಗೆರೆ, ತುದಿಯಲ್ಲಿ ಮೇಲಕ್ಕೆದ್ದ ಬಾಲ. "ಸಭೆಯಲ್ಲಿ ನಗು ಬಂದ್ರೆ ಇದನ್ನ ಹಾಕೋದು. ಬಾಲ ಪಾಠದಲ್ಲಿಲ್ಲ. ನಾನು ಹಾಕೋ ನಗುವಿಗೆ ಬಾಲ ಇಲ್ಲ, ಅವಳು ಹಾಕೋದಕ್ಕೆ ಮಾತ್ರ."

ಧ್ವನಿ ಎಲ್ಲಿ ಕಲಿತಿರಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವಳು ಮಗಳು. ಅಮ್ಮ ಮನೆಯಲ್ಲಿ ಟೈಪು ಮಾಡುವಾಗ ತನ್ನದೇ ಗೆರೆ ಓದಲಾಗದೆ ನಿಂತರೆ, ಅಪ್ಪ ಆ ಸದಸ್ಯರ ಧ್ವನಿಯಲ್ಲಿ ವಾಕ್ಯ ಶುರು ಮಾಡುತ್ತಿದ್ದರಂತೆ. ಧ್ವನಿ ಕೇಳಿದ ಕೂಡಲೇ ಅಮ್ಮನಿಗೆ ಮುಂದಿನ ಪದ ನೆನಪಾಗುತ್ತಿತ್ತು. "ಈ ಮೇಯರ್ ಹತ್ತು ವರ್ಷ ನಮ್ಮನೇಲೇ ಊಟ ಮಾಡಿದ್ದಾರೆ" ಎಂದಳು ಅವಳು, ನಗದೆ.

"ನಿನ್ನೆಯೇ ಯಾಕೆ ಹೇಳ್ಲಿಲ್ಲ? ಗುಮಾಸ್ತನ ಕೆಲಸ ಹೋಗ್ತಿತ್ತು" ಎಂದರು ಇನ್ಸ್‌ಪೆಕ್ಟರ್.

ಕಿವಿ ಸಾರ್ ತಲೆ ತಗ್ಗಿಸಿದರು. "ಅದು ತಪ್ಪು. ಅವಳ ಕೊನೇ ಮೂರು ವರ್ಷದ್ದಾದ್ರೂ ಓದೋದಿತ್ತು. ಓದಿ ಬರೋಣ ಅಂತಿದ್ದೆ."

ಪಂಚರಾಗಿ ಪಕ್ಕದ ಮನೆಯ ನಿವೃತ್ತ ಡ್ರೈವರ್ ಮತ್ತು ಕೆಳಗಿನ ದರ್ಜಿ ಬಂದರು. ಪಂಚನಾಮೆ 8.10ಕ್ಕೆ ಶುರುವಾಗಿ 11.20ಕ್ಕೆ ಮುಗಿಯಿತು. ನಾನೂರ ಹನ್ನೆರಡು ಪುಸ್ತಕ, ಇಪ್ಪತ್ತೊಂದು ಚೀಲ, ಪ್ರತಿ ಚೀಲಕ್ಕೂ ಅರಗಿನ ಮೊಹರು. ಮಂಚ ಖಾಲಿಯಾದ ಮೇಲೆ ಮಗಳು ಅಭ್ಯಾಸದಂತೆ ಆ ಕಡೆಯ ಹಾಸಿಗೆಯನ್ನು ತಂದು ಹಾಸಿ, ಸುಕ್ಕು ಸರಿ ಮಾಡಿದಳು. 12.15ಕ್ಕೆ ಠಾಣೆಯಲ್ಲಿ ಬಂಧನದ ಪತ್ರ ತಯಾರಾಯಿತು. ಕಿವಿ ಸಾರ್ ತಪ್ಪೊಪ್ಪಿಗೆಯನ್ನು ತಾವೇ ಹೇಳಿ ಬರೆಸಿದರು, ಕಮಾ ಸಮೇತ. ನಮೂನೆಯಲ್ಲಿ ಅಪರಾಧದ ಉದ್ದೇಶ ಎಂಬ ಜಾಗವಿರುತ್ತದೆ. ಸಾಮಾನ್ಯವಾಗಿ ಕಾರ್ಬನ್ ಕೇಳದೆಯೇ ದುರಾಸೆ ಎಂದು ತುಂಬುತ್ತಾನೆ. ಈ ಸಲ ಇನ್ಸ್‌ಪೆಕ್ಟರ್ ಹಾಳೆಯನ್ನು ಎಳೆದುಕೊಂಡು ಬರೆದರು: ಪತ್ನಿಯ ಕೈಬರಹ.

ಮೇಯರ್ 1.00 ಗಂಟೆಗೆ ಕಾರ್ಯದರ್ಶಿಯನ್ನು ಹಿಂದಿಟ್ಟುಕೊಂಡು ಬಂದರು. ಗುಮಾಸ್ತನ ಅಮಾನತು ರದ್ದು ಮಾಡಲು ಒಪ್ಪಿದರು. ನಾಳೆ ಲಾರಿ ಠಾಣೆಗೇ ಬರಲಿ, ಚೀಲಗಳನ್ನು ಇಲ್ಲಿಂದಲೇ ಹಾಕಿಬಿಡಿ ಎಂದರು.

"ಆಗಲ್ಲ ಸಾರ್. ಅವು ಮುದ್ದೇಮಾಲು. ಕೇಸಿನ ಸಾಕ್ಷ್ಯ."

"ಎಷ್ಟು ದಿನ?"

"ಕೇಸು ಮುಗಿಯೋವರೆಗೆ."

"ಎಷ್ಟು ದಿನಕ್ಕೆ ಮುಗಿಯುತ್ತೆ?"

ಇನ್ಸ್‌ಪೆಕ್ಟರ್ ಮೂಲೆ ತೋರಿಸಿದರು. ಅಲ್ಲೊಂದು ಸೈಕಲ್ಲು ಗೋಡೆಗೆ ಒರಗಿತ್ತು, ಟೈರು ಕರಗಿ ನೆಲಕ್ಕೆ ಅಂಟಿಕೊಂಡಿತ್ತು, ಹ್ಯಾಂಡಲಿಗೆ ಅರಗಿನ ಮೊಹರು.

"ಹತ್ತೊಂಬತ್ತು ವರ್ಷ ಆಯ್ತು" ಎಂದ ಕಾರ್ಬನ್. "ಕದ್ದೋನು ಹೋದ ತಿಂಗಳು ಮಗಳ ಮದುವೆಗೆ ನಮ್ಮನ್ನೂ ಕರ್ದಿದ್ದ."

"ನಾನು ದೂರು ವಾಪಸ್ ತಗೋತೀನಿ."

"ಸರ್ಕಾರಿ ಆಸ್ತಿ. ನೀವೇ ಕೇಸು ಕೊನೆವರೆಗೆ ಹೋಗಬೇಕು ಅಂದ್ರಿ. ಈಗ ನಿಮ್ಮ ಕೈ ಮೀರಿದೆ."

ಮಹಿಳಾ ಕಾನ್‌ಸ್ಟೆಬಲ್ ಕೆಮ್ಮಿದಳು. "ಇನ್ನೊಂದು ಸಾರ್. ಪುಸ್ತಕದಲ್ಲಿ ಏನಿದೆ ಅಂತ ಕೋರ್ಟು ಕೇಳುತ್ತೆ. ಮೇಡಂ ಕೈಬರಹ ಓದೋಕೆ ಬರೋದು ಆರೋಪಿಗೊಬ್ರಿಗೇ. ಓದೋಕೆ ಅವರನ್ನೇ ಕರೆಸ್ಬೇಕಾಗುತ್ತೆ, ನಾನೂರ ಹನ್ನೆರಡನ್ನೂ."

"ಹನ್ನೆರಡನ್ನೂ" ಎಂದ ಕಾರ್ಬನ್.

ಮೇಯರ್ ಕಿವಿ ಸಾರ್ ಕಡೆ ತಿರುಗಿದರು. ಹತ್ತು ವರ್ಷದಲ್ಲಿ ಅವರ ಮುಖವನ್ನು ನೇರ ನೋಡಿದ್ದು ಇದೇ ಮೊದಲು. ಅದುವರೆಗೆ ಕಂಡದ್ದು ಬರೆಯಲು ಬಗ್ಗಿದ ನೆತ್ತಿ ಮಾತ್ರ.

"ಆವತ್ತು ಏನಂದ್ರಿ? ಅಂದು ತೋರಿಸಿ."

ಕಿವಿ ಸಾರ್ ಎದ್ದು ನಿಂತರು. ಗಲ್ಲ ಒತ್ತಲಿಲ್ಲ, ಹೊಟ್ಟೆ ಉಬ್ಬಿಸಲಿಲ್ಲ. ಬಾಯಿ ತೆರೆದರು, ಅಷ್ಟೆ.

"ಎಣಿಸಿ, ಕ್ರಮ ತಪ್ಪಿಸದೆ, ಒದ್ದೆಯಾಗದಂತೆ."

ಕಾರ್ಯದರ್ಶಿ ತಟ್ಟನೆ ಎದ್ದು ಕೈಕಟ್ಟಿ ನಿಂತುಬಿಟ್ಟರು. ಯಾರ ಕಡೆ ತಿರುಗಿ ನಿಲ್ಲಬೇಕೆಂದು ಗೊತ್ತಾಗದೆ ಅತ್ತ ಇತ್ತ ನೋಡಿದರು. ಮೊದಲು ನಕ್ಕದ್ದು ಮಹಿಳಾ ಕಾನ್‌ಸ್ಟೆಬಲ್, ಅದನ್ನು ನಕಲು ಮಾಡಿದ್ದು ಕಾರ್ಬನ್. ಇನ್ಸ್‌ಪೆಕ್ಟರ್ ತುಟಿಯೂ ಒಂದು ಕಡೆ ಸರಿಯಿತು. ಆಮೇಲೆ ಮೇಯರ್ ಶುರು ಮಾಡಿದರು. ಮೇಜು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರು ಕತ್ತು ಚಾಚಿ ನೋಡುವಷ್ಟು ನಕ್ಕರು. ಉಳಿದವರು ನಿಲ್ಲಿಸಿದ ಮೇಲೂ ಅವರೊಬ್ಬರೇ ನಗುತ್ತಿದ್ದರು.

ಕಿವಿ ಸಾರ್ ನಗಲಿಲ್ಲ. ಕೂತರು. ಅವರ ತೋರುಬೆರಳು ಠಾಣೆಯ ಮೇಜಿನ ಮೇಲೆ ಸಣ್ಣ ಬಿಲ್ಲಿನಂಥ ಗೆರೆಯೊಂದನ್ನು ಎಳೆಯಿತು, ಕ್ಷಣ ನಿಂತಿತು, ಆಮೇಲೆ ಅದಕ್ಕೆ ಮೇಲ್ಮುಖವಾಗಿ ಒಂದು ಬಾಲ ಸೇರಿಸಿತು.